ಪ್ರೆಶರ್ ಬಗ್ಗೆ ಮಾತಾಡಲು ಬಂದವರು

ಮಂಜುಶ್ರೀ ಆ ಏಜೆನ್ಸಿಗೆ ಸೇರಿ ಎರಡೇ ತಿಂಗಳಾಗಿತ್ತು. ಸಿಂಗಸಂದ್ರದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಕಂಪನಿಯವರೋ ಕಾಲೇಜಿನವರೋ ತಮ್ಮ ಕಾರ್ಯಕ್ರಮಕ್ಕೆ ಭಾಷಣಕಾರರು ಬೇಕು ಅಂದರೆ, ಇವರು ಪಟ್ಟಿ ನೋಡಿ ಒಬ್ಬರನ್ನು ಗೊತ್ತುಮಾಡಿ, ಕಾರು ಕಳಿಸಿ, ವೇದಿಕೆ ಹತ್ತಿಸಿ ಬರಬೇಕು. ಪಟ್ಟಿಯಲ್ಲಿ ಹಿಮಾಲಯ ಹತ್ತಿದವರಿದ್ದರು, ನಿವೃತ್ತ ಕರ್ನಲ್ ಇದ್ದರು, ನಗಿಸಿ ನಗಿಸಿ ಸುಸ್ತು ಮಾಡುವ ಡಾಕ್ಟರೂ ಒಬ್ಬರಿದ್ದರು.

ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರ ಎಚ್‌ಆರ್ ರಕ್ಷಿತಾ ಫೋನ್ ಮಾಡಿ, "ಪ್ರೆಶರ್ ಹ್ಯಾಂಡಲ್ ಮಾಡೋದು ಹೇಗೆ ಅಂತ ಹೇಳೋರು ಬೇಕು ಕಣ್ರೀ. ನಮ್ಮ ಟೀಮ್‌ನೋರೆಲ್ಲ ಸೋತೋಗಿದಾರೆ" ಅಂದರು. ಮಂಜುಶ್ರೀ ಪಟ್ಟಿಯಲ್ಲಿ 'ಪ್ರೆಶರ್' ಅಂತ ಹುಡುಕಿದಳು. ಒಂದೇ ಹೆಸರು ಬಂತು: ಶ್ಯಾಮಸುಂದರ, ಜಾಲಹಳ್ಳಿ. ಅನುಭವ, ಮೂವತ್ತಾರು ವರ್ಷ. ಅಷ್ಟು ನೋಡಿದ ಮೇಲೆ ಅವಳಿಗೆ ಬೇರೇನೂ ಕೇಳಬೇಕು ಅನ್ನಿಸಲಿಲ್ಲ; 'ಪ್ರೆಶರ್ ಬಗ್ಗೆ ಮಾತಾಡ್ಬೇಕು' ಅಂತಷ್ಟೇ ಹೇಳಿ ಅವರನ್ನು ಗೊತ್ತುಮಾಡಿದಳು.

ಗುರುವಾರ ಬೆಳಿಗ್ಗೆ ಹೊಸೂರು ರಸ್ತೆಯಲ್ಲಿ ಮಂಜುಶ್ರೀಯನ್ನು ಹತ್ತಿಸಿಕೊಳ್ಳಲು ಕಾರು ನಿಂತಾಗ ಒಳಗೆ ಇಬ್ಬರಿದ್ದರು. "ನಿಮ್ಮ ಪಟ್ಟೀಲಿ ಹೆಸರು ಕೊಟ್ಮೇಲೆ ಇವರದ್ದು ಇದೇ ಮೊದಲನೇ ಭಾಷಣ. ಅದಕ್ಕೇ ನಾನೂ ಬಂದ್ಬಿಟ್ಟೆ ಕಣಮ್ಮ" ಎಂದರು ಶ್ಯಾಮಸುಂದರರ ಹೆಂಡತಿ ಭಾನುಮತಿ. ಶ್ಯಾಮಸುಂದರರ ಕಾಲ ಬಳಿ ಭಾರದ ಚೀಲವೊಂದಿತ್ತು. ಕಾರು ತಿರುಗಿದಾಗ ಅದು ಠಣ್ ಎಂದಿತು.

"ಅದೇನು ಸಾರ್?"

"ಸೇಫ್ಟಿ ವಾಲ್ವಮ್ಮ, ಪ್ರೆಶರ್ ಜಾಸ್ತಿಯಾದ್ರೆ ಹಬೆ ಹೊರಗೆ ಬಿಡೋದು. ಬಾಯ್ಲರ್ ಪ್ರೆಶರ್ ಅಂದ್ಮೇಲೆ ಇದನ್ನ ತೋರಿಸದೆ ಆಗುತ್ತಾ?"

ಮಂಜುಶ್ರೀ ತಡವರಿಸುತ್ತಲೇ ವಿಷಯ ಹೇಳಿದಳು: ಅವರಿಗೆ ಬೇಕಾಗಿರುವುದು ಬಾಯ್ಲರಿನದ್ದಲ್ಲ, ಮನಸ್ಸಿನ ಒತ್ತಡ. "ತಪ್ಪು ನಂದೇ ಸಾರ್. ನೀವು ಹೇಗೋ ಒಂದು ಅರ್ಧ ಗಂಟೆ ಮನಸ್ಸಿನ ಬಗ್ಗೆ..."

"ಗೊತ್ತಿಲ್ಲದ ವಿಷಯ ನಾನು ಹೇಳಲ್ಲಮ್ಮ" ಎಂದರು ಶ್ಯಾಮಸುಂದರ. ಕೋಪದಿಂದಲ್ಲ. ಹತ್ತು ದಿನ ಕೂತು ಬರೆದ ಹಾಳೆಗಳನ್ನು ಮೆಲ್ಲಗೆ ಮಡಚಿ ಜೇಬಿಗೆ ಹಾಕಿಕೊಂಡರು. ಅದನ್ನು ನೋಡಲಾಗದೆ ಮಂಜುಶ್ರೀ ರಕ್ಷಿತಾಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳು.

"ಇನ್ನೂರು ಜನ ಕೂತಿದಾರೆ ಮಂಜುಶ್ರೀ. ಈಗ ಯಾರನ್ನ ತರ್ಲಿ? ಕರ್ಕೊಂಡ್ಬನ್ನಿ, ಏನಾಗುತ್ತೋ ಆಗ್ಲಿ."

ವೇದಿಕೆ ಹತ್ತಿದ ಶ್ಯಾಮಸುಂದರ ಮೊದಲು ಅದನ್ನೇ ಹೇಳಿದರು. "ನಾನು ಫ್ಯಾಕ್ಟರಿ ಬಾಯ್ಲರಿನವನು. ಸಣ್ಣ ಗೊಂದಲ ಆಗಿದೆ. ಎದ್ದು ಹೋಗೋರು ಹೋಗ್ಬಹುದು, ಬೇಜಾರಿಲ್ಲ." ಜನ ನಕ್ಕರು. ನಾಲ್ಕು ಮಂದಿ ಎದ್ದು ಹೋದರು. ಉಳಿದವರು ಕಾಫಿ ಲೋಟ ಹಿಡಿದು ಕೂತರು.

ನೀರು ಹೇಗೆ ಹಬೆಯಾಗುತ್ತದೆ, ಪ್ರೆಶರ್ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದರೆ ಏನಾಗುತ್ತದೆ ಎಂದೆಲ್ಲ ವಿವರಿಸಿ ಅವರು ವಾಲ್ವನ್ನು ಮುಂದಿನ ಸಾಲಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬಳು ಮನೆಯ ಕುಕ್ಕರ್ ವಿಷಲ್ ಬಗ್ಗೆ ಕೇಳಿದಳು, ಇನ್ನೊಬ್ಬ ಗೀಸರ್ ಬಗ್ಗೆ. ಮಂಜುಶ್ರೀ ಉಸಿರು ಬಿಟ್ಟಳು.

ಆಗ ಹಿಂದಿನ ಸಾಲಿನಿಂದ ಆಕರ್ಷ್ ಎಂಬ ಉದ್ಯೋಗಿ ಎದ್ದು ಕೇಳಿದ: "ಸಾರ್, ನಿಮಗೆ ಯಾವತ್ತಾದ್ರೂ ಭಯ ಆಗಿತ್ತಾ?"

ಶ್ಯಾಮಸುಂದರ ನೀರು ಕುಡಿದರು. ಹೆಂಡತಿಯ ಕಡೆ ಒಮ್ಮೆ ನೋಡಿದರು.

"ತೊಂಬತ್ನಾಲ್ಕರಲ್ಲಿ ಒಂದು ದಿನ ವಾಲ್ವ್ ಕಚ್ಚಿಕೊಂಡಿತ್ತು. ಪ್ರೆಶರ್ ಏರ್ತಾನೇ ಇತ್ತು. ಬಾಯ್ಲರ್ ಮನೇಲಿ ನಾನು, ನನ್ನ ಜೊತೆಗಾರ ಕೊಟ್ರಪ್ಪ ಇಬ್ಬರೇ. ಕೊಟ್ರಪ್ಪ ಮುಂದೆ ನುಗ್ಗಿ ಬರ್ನರ್ ಆಫ್ ಮಾಡಿದ. ಬಿಸಿ ಹಬೆ ತಾಗಿ ಅವನ ಕೈ ಮೊಣಕೈ ತನಕ ಸುಟ್ಟುಹೋಯ್ತು. ನಾನು ಸೈರನ್ ಒತ್ತೋಕೆ ಓಡಿದೆ ಅಂತ ಎಲ್ಲರಿಗೂ ಹೇಳಿದ್ದೆ. ಬೆನ್ನು ತಟ್ಟಿದ್ರು." ಅವರ ದನಿ ಸಣ್ಣದಾಯಿತು. "ನಾನು ಸೈರನ್‌ಗೆ ಅಂತ ಓಡಲಿಲ್ಲ. ಜೀವಭಯಕ್ಕೆ ಓಡಿದ್ದು. ದಾರೀಲಿ ಸೈರನ್ ಸಿಕ್ತು, ಒತ್ತಿದೆ, ಅಷ್ಟೆ."

ಆಮೇಲೆ ಚಪ್ಪಾಳೆ ಎಲ್ಲೋ ಮೂಲೆಯಿಂದ ಶುರುವಾಗಿ ಹಾಲ್ ತುಂಬ ಹಬ್ಬಿತು. ಕೆಳಗಿಳಿದಾಗ ಜನ ಮುತ್ತಿಕೊಂಡರು. ತಾನೂ ಒಂದು ತಪ್ಪನ್ನು ಜೊತೆಗಾರನ ತಲೆಗೆ ಕಟ್ಟಿದ್ದೇನೆ, ಇವತ್ತೇ ಹೋಗಿ ಹೇಳುತ್ತೇನೆ ಎಂದು ಆಕರ್ಷ್ ಅವರ ಕೈ ಹಿಡಿದುಕೊಂಡ. ರಕ್ಷಿತಾ ಮಂಜುಶ್ರೀಯನ್ನು ಪಕ್ಕಕ್ಕೆ ಕರೆದು, "ಬೈಬೇಕು ಅಂತಿದ್ದೆ ಕಣ್ರೀ. ಮರ್ತೇಹೋಯ್ತು" ಎಂದು ನಕ್ಕರು.

ವಾಪಸು ಬರುವಾಗ ಕಾರಿನಲ್ಲಿ ಭಾನುಮತಿ ಗಂಡನ ಕಡೆ ತಿರುಗಿದರು. "ಏನ್ರೀ, ನನಗೂ ಹೇಳಿರ್ಲಿಲ್ಲ ನೀವು" ಎಂದರು.

"ನಿನಗೆ ಹೇಳೋದೇ ಕಷ್ಟ ಆಗಿತ್ತು ಭಾನು."

"ಇನ್ನೂರು ಜನಕ್ಕೆ ಹೇಳಿದ್ರಿ. ಕೇಳ್ಬೇಕಾದವರು ಅಲ್ಲಿರ್ಲಿಲ್ಲವಲ್ಲ." ಅವರು ಗಂಡನ ಜೇಬಿನಿಂದ ಫೋನ್ ತೆಗೆದು, ನಂಬರ್ ಹುಡುಕಿ ಒತ್ತಿ ಅವರ ಕೈಗಿಟ್ಟರು.

ಎರಡು ರಿಂಗಿಗೇ ಆ ಕಡೆಯಿಂದ ದೊಡ್ಡ ದನಿ ಬಂತು. "ಏನ್ ಶಾಮಣ್ಣ! ಎಷ್ಟು ವರ್ಷಾತು!"

"ಕೊಟ್ರಪ್ಪ, ನಿನ್ಹತ್ರ ಒಂದು ಮಾತು ಹೇಳೋದಿತ್ತು ಕಣೋ" ಎಂದರು ಶ್ಯಾಮಸುಂದರ. ಮುಂದಿನ ಸೀಟಿನಲ್ಲಿದ್ದ ಮಂಜುಶ್ರೀ ಡ್ರೈವರಿಗೆ ಸನ್ನೆ ಮಾಡಿ ರೇಡಿಯೋ ಆಫ್ ಮಾಡಿಸಿದಳು.