ನೀರಡಿಯ ಬಸವಣ್ಣನ ಗಂಟೆ

೨೦೦೭ರ ಶಿವರಾತ್ರಿಯ ಆ ಮುಂಜಾನೆ ಮಲಪ್ರಭೆಯ ಹಿನ್ನೀರಿನ ಮೇಲೆ ಮಂಜು ಕವಿದಿತ್ತು. ಗಾಳಿ ಇರಲಿಲ್ಲ. ಸವದತ್ತಿಯ ಗುಡ್ಡ ಯಾವ ದಿಕ್ಕಿಗಿದೆ ಎಂಬುದೂ ತಿಳಿಯದಷ್ಟು ಬಿಳುಪು.

ಹರಿಗೋಲಿನಲ್ಲಿ ರಾಚವ್ವ ಹಿತ್ತಾಳೆಯ ಗಂಟೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದಳು. ಆಕೆಯ ತವರೂರು ಈ ನೀರಿನ ಅಡಿಯಲ್ಲಿದೆ. ಅಲ್ಲಿ ಎತ್ತಿಗೆ ಬೇನೆ ಬಂದರೆ ಗುಡಿಯ ಕಲ್ಲು ಬಸವಣ್ಣನ ಕೊರಳಗಂಟೆ ತಂದು ಕಟ್ಟುವುದು, ಗುಣವಾದ ಮೇಲೆ ಮರಳಿ ಒಪ್ಪಿಸುವುದು ರೂಢಿ. ಆಕೆಯ ಅಪ್ಪನ ಎತ್ತು ಎದ್ದು ನಿಲ್ಲುವಷ್ಟರಲ್ಲಿ ಅಣೆಕಟ್ಟಿನ ನೀರು ಗುಡಿಯ ಹೊಸ್ತಿಲು ದಾಟಿತ್ತು; ಗಂಟೆ ಮನೆಯಲ್ಲೇ ಉಳಿಯಿತು.

ಮಗ ಬಸವಲಿಂಗ, ಸೊಸೆ ಶೈಲಜಾ ಗೋವಾದಲ್ಲಿ ಹವ್ಯಾಸಕ್ಕೆಂದು ಡೈವಿಂಗ್ ಕಲಿತವರು. ಗಂಟೆ ಮುಟ್ಟಿಸುವ ಕೆಲಸ ಅವರ ಪಾಲಿಗೆ ಬಂದಿತ್ತು.

"ಅವ್ವಾರ, ನಮ್ಮ ಮೀನ ಬರೇ ಮೈಲೇ ಈಸತಾವ್ರಿ. ನಿಮಗ ಇಷ್ಟ ಸಾಮಾನ ಬೇಕಾತೇನ್ರಿ?" ಹುಟ್ಟು ಹಾಕುತ್ತಿದ್ದ ಹನುಮಪ್ಪ ನಕ್ಕ.

ಶೈಲಜಾ ನಗಲಿಲ್ಲ. ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಟ್ಟು, ಅದರ ಮೇಲ್ಭಾಗದ ಕೆಂಪು ಅರಿವೆಯನ್ನು ಗಂಡನಿಗೆ ತೋರಿಸಿದಳು. "ಇಲ್ಲಿ ಹೊತ್ತು ನಿಂತು, ಮೈಯಾಗಿನ ಗಾಳಿ ಇಳಿದ ಮ್ಯಾಲೇ ಮ್ಯಾಲಕ್ಕ ಬರೂದು. ಸಮುದ್ರದ ಲೆಕ್ಕ ಇಲ್ಲಿ ನಡೆಯಂಗಿಲ್ಲ, ಇದು ಎತ್ತರದ ನಾಡು. ಕೆಳಗ ಇರೂದು ಕಡಿಮಿ, ಇಲ್ಲಿ ನಿಲ್ಲೂದು ಜಾಸ್ತಿ. ನಾ ಕೈ ಮಾಡಿದ್ರ ಗಂಟಿ ಮುಟ್ಟಲಿ ಬಿಡಲಿ, ತಿರಗಬೇಕ್ರಿ."

ಬಸವಲಿಂಗ ತಲೆಯಾಡಿಸಿದ. ಗಂಟೆಯನ್ನು ಸೊಂಟಕ್ಕೆ ಕಟ್ಟಿಕೊಂಡ.

ಕೆಳಗೆ ನೀರು ಕಷಾಯದ ಬಣ್ಣಕ್ಕಿತ್ತು. ದೀಪದ ಬೆಳಕು ಮೊಳದಾಚೆ ಹೋಗದು. ಗುಡಿಯ ಗೋಡೆ ಸಿಕ್ಕಿತು, ಕಂಬ ಸಿಕ್ಕಿತು, ಬಸವಣ್ಣ ಸಿಗಲಿಲ್ಲ. ಹೊತ್ತು ಮುಗಿಯಿತು. ಶೈಲಜಾ ಕೈ ಮಾಡಿದಳು. ಬಸವಲಿಂಗ ಒಲ್ಲೆನೆಂದು ತಲೆಯಾಡಿಸಿ ಬಾಗಿಲ ಕತ್ತಲೆಯೊಳಗೆ ತೂರಿದ. ಆಕೆ ಬೆನ್ನಿಗೇ ಹೋದಳು. ಒಳಗೆ ಕೈಯಾಡಿಸಿ ಅವನ ಕಾಲು ಹಿಡಿದು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಹೂಳು ಎದ್ದು ಇಬ್ಬರೂ ಕುರುಡಾದ ಮೇಲೆ ಅವನು ಬಂದ.

ಕೆಂಪು ಅರಿವೆಯ ಬಳಿ ಅವನ ಮೀನಖಂಡ ಸೆಟೆದುಕೊಂಡಿತು. ಕಣ್ಣು ಅಗಲವಾದವು. ಬೆಳಕಿನತ್ತ ಒಮ್ಮೆಲೇ ಜಿಗಿಯಲು ನೋಡಿದ. ಶೈಲಜಾ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಅವನ ಬೆನ್ನಿನ ಸಿಲಿಂಡರಿನ ಪಟ್ಟಿ ಹಿಡಿದಳು. ಸೋಡಾ ಬಾಟಲಿಯ ಬಿರಡೆ ಕಿತ್ತಂತೆ ಮೈಯೊಳಗಿನ ಗಾಳಿ ಗುಳ್ಳೆಯೆದ್ದು ನರಕ್ಕೆ ಹೊಕ್ಕರೆ? ಶಿವಾ, ಇವರನ್ನು ಹಿಡಿದಿರು. ಪ್ರತಿ ಉಸಿರಿಗೂ ಅದೊಂದೇ ಮಾತು. ಹಗ್ಗ ಅಂಗೈ ಸುಲಿಯಿತು. ಅವನು ಇನ್ನೂ ಒದೆಯುತ್ತಿದ್ದ. ನಿಲ್ಲಬೇಕಾದಷ್ಟು ನಿಲ್ಲುವ ಮೊದಲೇ ಅವನು ಕೈ ತಪ್ಪಿಸಿಕೊಂಡು ಹೋದ.

ಹರಿಗೋಲಿನಲ್ಲಿ ಮಲಗಿಸುವಷ್ಟರಲ್ಲಿ ಅವನ ಎಡಗೈ ಜುಮುಗುಡುತ್ತಿತ್ತು. ಶೈಲಜಾ ತಂದಿಟ್ಟಿದ್ದ ಆಕ್ಸಿಜನ್ ಮುಖಕ್ಕೆ ಹಿಡಿದಳು. "ನೀರ ಕುಡೀರಿ."

ಅವನು ತುಟಿ ಬಿಗಿದ.

"ಬಸೂ ನಿನ್ನೆಯಿಂದ ನೀರ ಮುಟ್ಟಿಲ್ಲವ್ವ," ಎಂದಳು ರಾಚವ್ವ. "ಗಂಟಿ ಮುಟ್ಟೂತನಕ ನಂದೂ ಅವಂದೂ ಒಣ ಉಪಾಸ."

ಶೈಲಜಾ ಅತ್ತೆಯತ್ತ ತಿರುಗಿದಳು. "ಅತ್ತಿ, ಒಣಗಿದ ಮೈಯಾಗ ರಕ್ತ ಸರಿಯಾಗಿ ಹರಿಯಂಗಿಲ್ರಿ. ಗಾಳಿ ಹೊರಗ ಬರೂದೂ ತಡ. ಇದನ್ನ ಮೊದಲ ಹೇಳಿದ್ರ ಇವರನ್ನ ಇಳಿಸತಿದ್ದಿಲ್ಲ!"

"ಅವ್ವ ಕುಡೀದ ನಾ ಕುಡಿಯಂಗಿಲ್ಲ," ಬಸವಲಿಂಗನ ಮಾತು ತೊದಲಿತು.

ರಾಚವ್ವ ಮಗನ ಬೆರಳು ಹಿಡಿದು ನೋಡಿದಳು. ಅವು ಮಡಚಿಕೊಳ್ಳಲಿಲ್ಲ. ತಂಬಿಗೆ ಎತ್ತಿ ಗಟಗಟ ಕುಡಿದಳು. ಮುಖ ಒರೆಸಿಕೊಳ್ಳದೆ ಅದೇ ತಂಬಿಗೆಯನ್ನು ಅವನ ತುಟಿಗೆ ಹಿಡಿದಳು. "ಕುಡಿ, ಮೂಳಾ. ದೇವರಿಗೆ ನಾ ಹರಕಿ ಹೊತ್ತದ್ದು ಗಂಟಿ. ನಿನ್ನ ಜೀವ ಅಲ್ಲ."

ಅವನು ಕುಡಿದ.

ಶೈಲಜಾ ಗೋವಾದ ಡೈವಿಂಗ್ ಡಾಕ್ಟರಿಗೆ ಫೋನು ಹಚ್ಚಿ, ಅವನನ್ನು ಅಲ್ಲಿಗೆ ಒಯ್ಯಲು ಗಾಡಿ ದಂಡೆಗೆ ಕರೆಸಿದಳು. ಹನುಮಪ್ಪ ಈಗ ನಗುತ್ತಿರಲಿಲ್ಲ. ಹಗ್ಗ ಎತ್ತಲು ಬಾಗಿದ.

"ತಡಿಯಪ್ಪಾ," ಎಂದಳು ರಾಚವ್ವ.

ಮಗನ ಸೊಂಟದಿಂದ ಗಂಟೆ ಬಿಚ್ಚಿಕೊಂಡಳು. ಅದರ ನಾಲಿಗೆಯನ್ನು ಬೆರಳಿಂದ ಒತ್ತಿಹಿಡಿದು, ಸದ್ದಾಗದಂತೆ, ಗುಡಿಗೆ ಇಳಿದಿದ್ದ ಹಗ್ಗದ ಗುಂಟ ನೀರೊಳಗೆ ಮೊಣಕೈವರೆಗೆ ಇಳಿಸಿ ಕೈಬಿಟ್ಟಳು.