ಹಳೇ ಉಗ್ರಾಣದ ಹನ್ನೆರಡು ಬೆಂಚುಗಳು

ಹಡಗಿನಿಂದಿಳಿದ ಮೂವರು ಕ್ರೈಸ್ತ ಸನ್ಯಾಸಿನಿಯರು ಬಂದರಿನ ಹಳೇ ಉಗ್ರಾಣವನ್ನು ಬಾಡಿಗೆಗೆ ಹಿಡಿದು, ಹೆಣ್ಣುಮಕ್ಕಳ ಶಾಲೆಗೆಂದು ಹನ್ನೆರಡು ಬೆಂಚು ಮಾಡಿಕೊಡಿ ಎಂದಾಗ ಬಡಗಿಗೆ ನಗು ತಡೆಯಲಾಗಲಿಲ್ಲ. ಬಿಳಿಯರ ಆಳ್ವಿಕೆಯ ಆ ಕಾಲದಲ್ಲಿ ಗಂಡುಹುಡುಗರ ಶಾಲೆಗೇ ಮಕ್ಕಳನ್ನು ಹುಡುಕಿ ತರಬೇಕಿತ್ತು. ಆದರೂ ಕೆಲಸ ಕೆಲಸವೇ. ಉಗ್ರಾಣದ ಮೂಲೆಯಲ್ಲೇ ಉಳಿ, ಉಜ್ಜುಗೊರಡು ಹರಡಿಕೊಂಡು ಕೂತ.

ಅವರಲ್ಲಿ ಹಿರಿಯರನ್ನು ಎಲ್ಲರೂ ಮದರ್ ಎನ್ನುತ್ತಿದ್ದರು. ಗಿಡ್ಡ ಆಳು, ಐವತ್ತರ ಹತ್ತಿರ. ಬೆಳಿಗ್ಗೆಯೆಲ್ಲ ಮನೆಮನೆಯ ಬಾಗಿಲು ತಟ್ಟಿ ಬರಿಗೈಲಿ ಬರುವರು. ಬಂದವರೇ ನಿಲುವಂಗಿಯ ತೋಳು ಮಡಚಿ ಗೋಡೆಗೆ ಸುಣ್ಣ ಬಳಿಯಲು ನಿಲ್ಲುವರು. ಮೂರು ವಾರ ಕಳೆದರೂ ಒಬ್ಬ ಹುಡುಗಿಯ ಸುಳಿವಿಲ್ಲ.

ಕೊನೆಗೆ ಬಂದವಳು ಬಡಗಿಯ ಮಗಳೇ, ಅದೂ ಅಪ್ಪನಿಗೆ ಊಟ ಹೊತ್ತುಕೊಂಡು. ಒಂಬತ್ತು ವರ್ಷ, ಬಾಯಿಗೆ ಬಿಡುವೇ ಇಲ್ಲವೆಂದು ಮನೆಯಲ್ಲಿ ಅವಳಿಗೆ ಗಿಣಿ ಎಂದೇ ಹೆಸರು. ಮದರ್ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೊಸದಾಗಿ ಕಲಿತ ಮಾತಿನಲ್ಲಿ, "ನಾನೂ ಸಣ್ಣ ಹಲ್ಲಿಯಿಂದ ಬಂದವಳು" ಎಂದರು.

ಗಿಣಿ ಕಿಸಕ್ಕನೆ ನಕ್ಕಳು. "ಹಲ್ಲಿ ಅಂದ್ರೆ ಅಗೋ, ಗೋಡೆ ಮೇಲಿರೋದು! ನೀವು ಬಂದಿದ್ದು ಹಳ್ಳಿಯಿಂದ. ನಾಲಿಗೆ ಮಡಚಿ ಹೇಳಿ, ಳ!"

ಮದರ್ ನಾಲಿಗೆ ಮಡಚಿದರು, ತಡವರಿಸಿದರು, ತಾವೂ ನಕ್ಕುಬಿಟ್ಟರು. "ನೀನು ಇದನ್ನ ಕಲಿಸು, ನಾನು ನಿನಗೆ ಓದೋದು ಕಲಿಸ್ತೀನಿ. ಆಗಬಹುದಾ?"

ಅಂದು ಗಿಣಿಯ ಅಜ್ಜಿ ಮಗನೆದುರು ರಂಪವೆಬ್ಬಿಸಿದಳು. "ಓದಿ ಯಾರನ್ನ ಉದ್ಧಾರ ಮಾಡ್ಬೇಕು ಇವ್ಳು? ನಾಳೆ ತಮ್ಮ ಮತಕ್ಕೆ ಸೇರಿಸ್ಕೊಂಡ್ರೆ ಏನೋ ಮಾಡ್ತೀಯ?"

ಆ ಮಾತು ಬಡಗಿಯನ್ನೂ ಕೊರೆಯತೊಡಗಿತು. ಮಾರನೆಯ ದಿನ ಮದರ್ ಹತ್ತಿರ ನೇರವಾಗಿ ಕೇಳಿಯೇಬಿಟ್ಟ.

ಅವರು ಮುಖ ಸಿಂಡರಿಸಲಿಲ್ಲ. "ನನ್ನ ದೇವರನ್ನ ನಾನು ಬಚ್ಚಿಡೋದಿಲ್ಲ, ಮೇಸ್ತ್ರಿ. ನಿಮ್ಮ ಮಗಳನ್ನ ನಿಮ್ಮಿಂದ ಕಿತ್ಕೊಳ್ಳೋದೂ ಇಲ್ಲ. ಇಲ್ಲೇ ಇರ್ತೀರಲ್ಲ, ನೋಡ್ತಾ ಇರಿ."

ನೋಡಿದ. ಗಿಣಿ ಅಕ್ಷರ ಕಲಿತಳು. ಅವಳ ಬಾಯಿ ಸುಮ್ಮನಿರಲಿಲ್ಲ, ಬೆಸ್ತರ, ಅಗಸರ, ಕೂಲಿಯವರ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಹದಿನಾಲ್ಕಾದರು. ಸುದ್ದಿ ಕೇಳಿ ಊರ ಸಾಹುಕಾರನೂ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಬಂದು, ತಲೆಯೆತ್ತಿ ಸೂರು ನೋಡಿದ.

"ಹೊಸ ಹೆಂಚು ನಾನು ಹಾಕಿಸ್ತೀನಿ ಮದರ್. ಒಂದೇ ಮಾತು. ನಮ್ಮ ಮಕ್ಕಳು ಬೆಂಚಿನ ಮೇಲೆ, ಇವರೆಲ್ಲ ಹಿಂದೆ ನೆಲದ ಮೇಲೆ."

ಬಡಗಿಯ ಕೈ ನಿಂತಿತು. ಸೂರು ಹತ್ತು ಕಡೆ ಸೋರುತ್ತಿತ್ತು, ಮಳೆಗಾಲ ಬಾಗಿಲಲ್ಲಿತ್ತು. ಒಪ್ಪಿಕೊಳ್ಳುತ್ತಾರೆ ಎಂದುಕೊಂಡ; ಅವರ ಜಾಗದಲ್ಲಿ ತಾನಿದ್ದರೂ ಒಪ್ಪುತ್ತಿದ್ದ.

"ಸಾಹುಕಾರ್ರೇ," ಎಂದರು ಮದರ್, "ಬೆಂಚು ಮಾಡಿದವರು ಅಲ್ಲೇ ಕೂತಿದ್ದಾರೆ. ಅವರ ಮಗಳು ನೆಲದ ಮೇಲೆ ಕೂರಲಿ ಅಂತ ನೀವೇ ಹೇಳಿ. ನನ್ನ ಬಾಯಲ್ಲಿ ಆ ಮಾತು ಬರಲ್ಲ."

ಸಾಹುಕಾರ ಬಡಗಿಯ ಕಡೆ ತಿರುಗಿದ. ಮಕ್ಕಳ ಕೈ ಹಿಡಿದು ದಡದಡನೆ ನಡೆದುಬಿಟ್ಟ.

ಮರುದಿನವೇ ಬಡಗಿ ಪರಿಚಯದ ಕೆಲಸದವರನ್ನೆಲ್ಲ ಕಲೆಹಾಕಿಕೊಂಡು ಸೂರು ಹತ್ತಿದ. ಬಿದ್ದ ಮನೆಗಳಿಂದ ಕೇಳಿ ತಂದ ಹಳೇ ಹೆಂಚೇ ಆದರೂ ನಾಲ್ಕು ದಿನದಲ್ಲಿ ಮಾಡು ಭದ್ರವಾಯಿತು. ಅಜ್ಜಿಯೂ ಗೊಣಗುತ್ತಲೇ ಎಲ್ಲರಿಗೂ ಕುಡಿಯಲು ನೀರು ತಂದುಕೊಟ್ಟಳು.

ಮೊದಲ ಮಳೆಯ ದಿನ ಸಾಹುಕಾರನ ಹೆಂಡತಿ ಮಕ್ಕಳಿಬ್ಬರನ್ನೂ ಕೊಡೆಯಡಿ ಕರೆತಂದಳು. "ಅವರು ಹೇಳಿದ್ದು ಅವರ ಮಾತು. ಇವರಿಬ್ರು ಎರಡು ದಿನದಿಂದ ಊಟ ಬಿಟ್ಟು ಹಟ ಹಿಡಿದಿದ್ದಾರೆ. ಎಲ್ಲಿ ಜಾಗ ಇದ್ಯೋ ಅಲ್ಲಿ ಕೂರಿಸಿ, ಮದರ್." ಮದರ್ ಇಬ್ಬರನ್ನೂ ಗಿಣಿಯ ಬೆಂಚಿನಲ್ಲೇ ಕೂರಿಸಿದರು.

ಮದರ್ ಹನ್ನೊಂದು ವರ್ಷ ಅಲ್ಲಿ ಪಾಠ ಹೇಳಿದರು. ಹುಟ್ಟಿದೂರನ್ನು ಮತ್ತೆ ನೋಡಲೇ ಇಲ್ಲ. ಜೊತೆಗೆ ಬಂದಿದ್ದ ಇಬ್ಬರು ಸನ್ಯಾಸಿನಿಯರು ಅಷ್ಟರಲ್ಲಿ ಬೇರೆ ಊರಿನ ಶಾಲೆಗೆ ಹೋಗಿದ್ದರು. ಅವರು ಜ್ವರದಲ್ಲಿ ತೀರಿಕೊಂಡಾಗ ಶಾಲೆಯ ಕಥೆ ಮುಗಿಯಿತೆಂದು ಊರು ಮಾತಾಡಿಕೊಂಡಿತು. ಆಮೇಲಿನ ಸೋಮವಾರ ಕಿಟಕಿಯ ಕದ ಸರಿಮಾಡಲು ಹೋದ ಬಡಗಿಗೆ ಒಳಗಿನಿಂದ ಪಾಠದ ದನಿ ಕೇಳಿಸಿತು. ಇಪ್ಪತ್ತರ ಗಿಣಿ ಕಪ್ಪುಹಲಗೆಯ ಮುಂದೆ ನಿಂತಿದ್ದಳು. ಅತ್ತು ಕಣ್ಣು ಊದಿದ್ದವು, ದನಿ ಮಾತ್ರ ಗಟ್ಟಿ.

ಬಡಗಿ ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟು, ಪಾಠ ಮುಗಿಯಲಿ ಎಂದು ಜಗಲಿಯ ಮೇಲೆ ಕೂತ.