ಬಿನ್ನವತ್ತಳೆಯ ಬಣ್ಣ

ರಾಮಾಂಜಿನಪ್ಪ ಹಸಿರು ಕಾಗದದ ಕಟ್ಟನ್ನು ಮೇಜಿನ ಆಚೆ ತುದಿಗೆ ತಳ್ಳಿದ. ಅದು ಜಾರಿಹೋಗಿ ಅಚ್ಚಿನ ಮೊಳೆಗಳ ಪೆಟ್ಟಿಗೆಗೆ ತಗುಲಿ ನಿಂತಿತು.

"ಯಾಕೆ ಸಾರ್?" ಎಂದ ಪ್ರೆಸ್ಸಿನ ಖಲೀಲುಲ್ಲಾ. "ಬಿಳೀದು ಖಾಲಿ. ಇನ್ನಿರೋದು ಗುಲಾಬಿ. ಅದ್ರಲ್ಲಿ ಟೆಂಟ್ ಸಿನಿಮಾ ನೋಟೀಸು ಹೊಡೀತೀನಿ. ಬಿನ್ನವತ್ತಳೇನೂ ಹೊಡೆದ್ರೆ, ನಿಮ್ಮ ಸ್ನೇಹಿತರು ದಿನಕ್ಕೆ ಎರಡಾಟ ಅಂದ್ಕೋತಾರೆ ಜನ."

ರಾಮಾಂಜಿನಪ್ಪ ನಗಲಿಲ್ಲ. ಸಂಜೆ ನಾಲ್ಕಕ್ಕೆ ಹೈಸ್ಕೂಲಿನಲ್ಲಿ ನರಸಿಂಹಯ್ಯನ ಬೀಳ್ಕೊಡುಗೆ. ಇಬ್ಬರೂ ಅಲ್ಲಿ ಇಂಗ್ಲಿಷ್ ಮೇಷ್ಟರು. ಬಿ.ಎ. ಓದುವಾಗಿನಿಂದ ಸ್ನೇಹಿತರು, ಆರು ವರ್ಷ ಒಂದೇ ಬಾಡಿಗೆ ಕೋಣೆಯಲ್ಲಿದ್ದವರು. ಬೆಂಗಳೂರಿನ ಕಾಲೇಜೊಂದರ ಒಂದೇ ಹುದ್ದೆಗೆ ಒಂದೇ ರೈಲಿನಲ್ಲಿ ಹೋಗಿ ಸಂದರ್ಶನ ಕೊಟ್ಟು ಬಂದವರು. ಹುದ್ದೆ ನರಸಿಂಹಯ್ಯನಿಗಾಯಿತು. ಅವನನ್ನು ಹೊಗಳಿ ಬಿನ್ನವತ್ತಳೆ ಬರೆಯುವ ಕೆಲಸ ರಾಮಾಂಜಿನಪ್ಪನಿಗಾಯಿತು.

"ಹಸಿರು ಒಳ್ಳೇದಲ್ವಾ ಸಾರ್? ನಿಮ್ಮೋರಲ್ಲಿ ಬಳೆ, ನಮ್ಮೋರಲ್ಲಿ ದರ್ಗಾ ಚಾದರ. ನಿಮಗೊಬ್ಬರಿಗೆ ಅದೇನು ಮಾಡ್ತು?"

"ಇಂಗ್ಲಿಷಿನಲ್ಲಿ ಅದು ಹೊಟ್ಟೆಕಿಚ್ಚಿನ ಬಣ್ಣ."

ಹೇಳಬಾರದಿತ್ತು ಅನ್ನಿಸಿತು. ಆದರೂ ತರಗತಿಯ ದನಿಯಲ್ಲಿ ಮುಂದುವರಿಸಿದ. ಹೊಟ್ಟೆಕಿಚ್ಚು ಹೆಚ್ಚಾದರೆ ಪಿತ್ತ ಏರಿ ಚರ್ಮ ಹಸಿರಿಗೆ ತಿರುಗುತ್ತದೆ ಎಂದು ಹಿಂದೆ ಗ್ರೀಕರು ನಂಬಿದ್ದರಂತೆ. ನಂಬಿಕೆ ಹೋಯಿತು, ಮಾತು ಇಂಗ್ಲಿಷಿನಲ್ಲಿ ಉಳಿದುಕೊಂಡಿತು. ಬೇರೆ ಕೆಲವು ದೇಶಗಳಲ್ಲಿ ಹಳದಿಯಾಗುತ್ತಾರೆ.

"ನಾವು 'ಜಲನ್' ಅಂತೀವಿ. ಸುಡೋದು. ನಿಮ್ಮಲ್ಲೂ ಉರಿಯೋದೇ ತಾನೆ? ಬಣ್ಣ ಗಿಣ್ಣ ಇಲ್ಲ." ಖಲೀಲುಲ್ಲಾ ಬಟ್ಟೆಗೆ ಕೈ ಒರೆಸಿಕೊಂಡ. "ಈ ಗ್ರೀಕ್ ಸಮಾಚಾರ ದೊಡ್ಡಬಳ್ಳಾಪುರದಲ್ಲಿ ಎಷ್ಟು ಜನಕ್ಕೆ ಗೊತ್ತು ಸಾರ್?"

"ಇಬ್ಬರಿಗೆ."

"ನೀವೊಬ್ರು. ಇನ್ನೊಬ್ರು?"

ರಾಮಾಂಜಿನಪ್ಪ ಮೇಜಿನ ಮೇಲಿದ್ದ ಬಿನ್ನವತ್ತಳೆಯ ಕರಡಚ್ಚನ್ನು ನೇರಮಾಡಿಟ್ಟ. ಗೋಡೆಯಾಚೆ ಮಗ್ಗಗಳು ಬಡಿದುಕೊಳ್ಳುತ್ತಿದ್ದವು.

ನೇಮಕದ ಪತ್ರ ಬಂದ ದಿನದಿಂದ ಅವನು ತನ್ನನ್ನು ಪರೀಕ್ಷಿಸಿಕೊಳ್ಳುತ್ತಿದ್ದ. ಹೊಟ್ಟೆ ಉರಿಯುತ್ತಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಇವತ್ತು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಮಾತ್ರ ಕನ್ನಡಿಯಲ್ಲಿ ಕೆನ್ನೆ ತಿರುಗಿಸಿ ಬಣ್ಣ ನೋಡಿದ್ದ. ಅವನಪ್ಪ ಉರಿದುಕೊಂಡವನು. ದಾಯಾದಿಯ ಬಾವಿಯಲ್ಲಿ ನೀರು ಬಿದ್ದ ದಿನ ಬೀದಿಯಲ್ಲಿ ನಿಂತು ಬೈದು, ಸಂಜೆ ಹೋಗಿ ಅದೇ ನೀರು ಕುಡಿದು ಬಂದವನು. ಮಗನಿಗೆ ಸಿಕ್ಕಿದ್ದು ಓದಿ ಕಲಿತ ಹೊಟ್ಟೆಕಿಚ್ಚು. ಅದಕ್ಕೆ ಬಣ್ಣವಿತ್ತು, ಬಿಸಿ ಇರಲಿಲ್ಲ.

"ಲೇ ರಾಮಾಂಜಿ, ಇಲ್ಲಿದ್ದೀಯಾ?" ನರಸಿಂಹಯ್ಯ ಚಪ್ಪಲಿ ಬಿಡದೆ ಒಳಗೆ ಬಂದ. ಮೇಜಿನ ಮೇಲಿದ್ದ ಕರಡಚ್ಚನ್ನು ಎತ್ತಿಕೊಂಡ. "ವಿದ್ಯೆಯ ಗಣಿ! ಯಾವ ಗಣಿಯೋ, ಕೋಲಾರದ್ದಾ?"

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವನ ನಗು ನಿಂತಿತ್ತು.

"ಚೆನ್ನಾಗಿದೆ. ಹೆಸರು ಬದಲಾಯಿಸಿದ್ರೆ ಹೆಡ್‌ಮಾಸ್ಟರಿಗೂ ಆಗತ್ತೆ."

"ಬಿನ್ನವತ್ತಳೆ ಇರೋದೇ ಹಾಗೆ."

"ನಿಮ್ಮ ಸ್ನೇಹಿತರು ಹಸಿರು ಕಾಗದ ಬೇಡ ಅಂತಾರೆ ಸಾರ್," ಎಂದು ಖಲೀಲುಲ್ಲಾ ದೂರು ಕೊಟ್ಟ.

ನರಸಿಂಹಯ್ಯ ಕಾಗದದ ಕಟ್ಟನ್ನು ನೋಡಿದ. ಇಂಗ್ಲಿಷ್ ನುಡಿಗಟ್ಟುಗಳ ಪಾಠವನ್ನು ಪಕ್ಕದ ಸೆಕ್ಷನ್ನಿಗೆ ಅವನೂ ಮಾಡಿದ್ದ. ಆಮೇಲೆ ರಾಮಾಂಜಿನಪ್ಪನನ್ನು ನೋಡಿದ.

ಖಲೀಲುಲ್ಲಾ ಅಚ್ಚಿನ ಮಿಷನ್ನಿನ ಹತ್ತಿರ ಹೋಗಿ ಪೆಡಲು ತುಳಿಯತೊಡಗಿದ. ಆ ಸದ್ದಿನ ಮರೆಯಲ್ಲಿ ನರಸಿಂಹಯ್ಯ ಹತ್ತಿರ ಸರಿದ.

"ನೀನು ಬಿ.ಎ.ನಲ್ಲಿ ಫಸ್ಟ್ ಕ್ಲಾಸ್ ತಗೊಂಡಾಗ ನಾನು ಎರಡು ದಿನ ಉರ್ಕೊಂಡಿದ್ದೆ ಕಣೋ. ನಿನ್ನ ಸೈಕಲ್ ಗಾಳಿ ಬಿಟ್ಟೋನು ನಾನೇ."

"ಈಗ್ಯಾಕೆ ಅದು?"

"ನೀನೂ ಒಂದ್ಸಲ ಹೇಳ್ಬಿಡು. ಹೊಟ್ಟೆ ಉರೀತಿದೆ ಕಣೋ ಅಂತ. ಬೇಕಾದ್ರೆ ನಾಲ್ಕು ಬೈದ್ಬಿಡು. ಈ ಗಣಿ ಪಣಿ ಎಲ್ಲ ಹರಿದು ಹಾಕೋಣ. ಹೋಗಿ ಕಾಫಿ ಕುಡಿಯೋಣ. ಭಾನುವಾರ ಭಾನುವಾರ ಬರ್ತೀನಿ, ನಿನ್ನ ಚಾಪೇಲೇ ಮಲಗ್ತೀನಿ." ಅವನು ಕರಡಚ್ಚನ್ನು ಮುಂದೆ ಹಿಡಿದ. "ಇದನ್ನ ತಗೊಂಡು ಹೋದ್ರೆ ಮತ್ತೆ ಯಾವ ಮುಖ ಇಟ್ಕೊಂಡು ಬರ್ಲಿ, ಹೇಳು?"

ರಾಮಾಂಜಿನಪ್ಪ ಆ ಮಾತನ್ನು ತನ್ನೊಳಗೆ ಹುಡುಕಿದ. ಎರಡೇ ಶಬ್ದ. ಅಪ್ಪ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಶಬ್ದಗಳು. ಒಳಗೆ ಎಲ್ಲವೂ ತಣ್ಣಗಿತ್ತು, ಜೋಡಿಸಿಟ್ಟಂತಿತ್ತು.

ಮಸಿ ಹರಡಲೆಂದು ಖಲೀಲುಲ್ಲಾ ಕಾಗದ ಕೊಡದೆ ಮಿಷನ್ನು ಓಡಿಸುತ್ತಿದ್ದ. ಅದು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಏನೂ ಹೊರಗೆ ಬರುತ್ತಿರಲಿಲ್ಲ.

"ಇಲ್ಲ," ಎಂದ ರಾಮಾಂಜಿನಪ್ಪ. "ನನಗೆ ಹಾಗೇನೂ ಅನ್ನಿಸಿಲ್ಲ."